ಲೈನ್ ಕ್ಲಿಯರ್

ಇಂಡಸ್ಟ್ರಿಯಲ್ ಏರಿಯಾದ ಆ ತಿರುವಿನಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನಿನಿಂದ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಕಂಬದ ವಾಸನೆ. ಮರದ ಕಂಬಕ್ಕೆ ಗೆದ್ದಲು ಹಿಡಿಯದಿರಲೆಂದು ಕುಡಿಸುವ ಕಪ್ಪು ಎಣ್ಣೆ, ಅದರ ವಾಸನೆ. ನಮ್ಮ ಕಡೆ ಕರೆಂಟಿನ ಕಂಬಗಳೆಲ್ಲ ಸಿಮೆಂಟಿನವು, ಅವಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನೈರೋಬಿಯಲ್ಲಿ ನೀಲಗಿರಿ ಮರದ ಕಂಬಗಳು. ಮಳೆ ನಿಂತು ಬಿಸಿಲು ಬಂದರೆ ಸಾಕು, ಅಂಗಳದಲ್ಲಿ ಪೇರಿಸಿಟ್ಟ ಕಂಬಗಳಿಂದ ಟಾರು ಸುಟ್ಟಂಥ ಘಾಟು ಏಳುತ್ತದೆ. ಮೂರು ವರ್ಷದ ಹಿಂದೆ ಒಂದು ಮಳೆಗಾಲ ಪೂರ್ತಿ ನನ್ನ ತಲೆಗೂದಲಿನಲ್ಲಿ, ದುಪಟ್ಟಾದಲ್ಲಿ, ಕಡೆಗೆ ಡಬ್ಬಿಯ ಚಿತ್ರಾನ್ನದಲ್ಲೂ ಈ ವಾಸನೆ ಇತ್ತು.

ಈ ತಿರುವಿಗೆ ಮತ್ತೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿದ್ದೆ. ಯಾರೂ ಕರೆದಿರಲಿಲ್ಲ, ಆದರೂ ಮಾಡಿದ್ದೆ. ಈ ಸಲ ಬೇರೆ ಕಂಪನಿಯ ಕೆಲಸಕ್ಕೆಂದು ಮೂರು ದಿನದ ಮಟ್ಟಿಗೆ ಬಂದವಳು, ಕೊನೆಯ ದಿನ ಹೋಟೆಲಿನಲ್ಲಿ ಸುಮ್ಮನೆ ಕೂರಲಾರದೆ ಹೊರಟುಬಿಟ್ಟೆ. ಡಿಪೊದ ಗೇಟಿನ ಹತ್ತಿರ ಬಂದು ನಿಂತೆ. ಒಳಗೆ ಹೋಗುವ ಧೈರ್ಯ ಬರಲಿ ಎಂದು ಕಾಯುತ್ತ ನಿಂತಷ್ಟು ಹೊತ್ತೂ ಆ ಮಳೆಗಾಲವೇ ಕಣ್ಣ ಮುಂದೆ ಇತ್ತು.

ನಾನು ಮಂಡ್ಯದವಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಇಪ್ಪತ್ತೊಂದು ತುಂಬುವ ಹೊತ್ತಿಗೆ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿ ಕೂತವಳು. ಕರೆಂಟ್ ತೆಗೆಯುವುದು, ಕರೆಂಟ್ ಕೊಡುವುದು, ನಡುನಡುವೆ ಫೋನಿನಲ್ಲಿ ಊರವರ ಬೈಗುಳ ಕೇಳುವುದು, ಇಷ್ಟೇ ಕೆಲಸ. ಆ ಕೆಲಸದ ಜೀವ ಒಂದು ಮಾತಿನಲ್ಲಿದೆ. ಲೈನ್ ಕ್ಲಿಯರ್. ನಮ್ಮ ಲೈನ್‌ಮನ್‌ಗಳ ಬಾಯಲ್ಲಿ ಅದು ಎಲ್‌ಸಿ. ಕಂಬ ಹತ್ತುವ ಮುಂಚೆ ಲೈನ್‌ಮನ್ ಫೋನ್ ಮಾಡಿ, "ಎಲ್‌ಸಿ ಕೊಡಿ ಮೇಡಂ" ಅನ್ನುತ್ತಾನೆ. ನಾನು ಕರೆಂಟ್ ತೆಗೆದು, ಪುಸ್ತಕದಲ್ಲಿ ಬರೆದು, ನಂಬರ್ ಕೊಟ್ಟು, "ಲೈನ್ ಕ್ಲಿಯರ್" ಅನ್ನುತ್ತೇನೆ. ಅಂದರೆ ತಂತಿಯಲ್ಲಿ ಜೀವ ಇಲ್ಲ, ಇನ್ನು ಹತ್ತಬಹುದು ಎಂದು. ಕೆಲಸ ಮುಗಿಸಿ ಇಳಿದ ಮೇಲೆ ಅವನು ಎಲ್‌ಸಿ ವಾಪಸ್ ಕೊಡುತ್ತಾನೆ, ನಾನು ಕರೆಂಟ್ ಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಈ ಎರಡು ಪದವನ್ನು ಹೇಳಿದಷ್ಟು ಸಲ ದೇವರ ಹೆಸರನ್ನೂ ಹೇಳಿದವಳಲ್ಲ ನಾನು.

ಆಮೇಲೆ ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಸೇರಿದೆ. ನೈರೋಬಿಯ ಕಾರ್ಖಾನೆಗಳಿಗೆ ಹೋಗುವ ಹಳೆಯ ಲೈನುಗಳನ್ನು ಬದಲಾಯಿಸುವ ಗುತ್ತಿಗೆ ಆ ಕಂಪನಿಗೆ ಸಿಕ್ಕಿತು. ನಮ್ಮ ಮ್ಯಾನೇಜರ್ ಶ್ರೀಧರ್ ಸರ್ ನನ್ನನ್ನು ಕರೆದು, "ಮಂಜುಳಾ ಅವ್ರೇ, ನಿಮಗೇನು, ಗಂಡ ಮಕ್ಳು ಅಂತ ತಾಪತ್ರಯ ಇಲ್ಲ. ಮೂರು ತಿಂಗಳು ತಾನೇ, ಹೋಗ್ಬನ್ನಿ" ಅಂದರು. ತಾಪತ್ರಯ ಇಲ್ಲ ಎನ್ನುವುದು ನಿಜ. ನಲವತ್ಮೂರಾಗಿತ್ತು, ಮದುವೆ ಆಗಿರಲಿಲ್ಲ, ಅಮ್ಮ ಹೋಗಿ ವರ್ಷ ತುಂಬಿತ್ತು. ನಿಜವನ್ನೇ ಹೇಳಿದವರ ಮೇಲೆ ಅಷ್ಟು ಕೋಪ ಯಾಕೆ ಬಂತೋ ಗೊತ್ತಿಲ್ಲ. ಬಂದ ಕೋಪದಲ್ಲೇ ಹೂಂ ಅಂದೆ.

ಮಾರ್ಚ್ ಕೊನೆಯಲ್ಲಿ ಬಂದಿಳಿದೆ. ಅಲ್ಲಿಯವರು ದೊಡ್ಡ ಮಳೆ ಎನ್ನುವ ಮಳೆ ಅದೇ ವಾರ ಶುರುವಾಯಿತು. ಅಪ್ಪರ್ ಹಿಲ್‌ನಲ್ಲಿ ಏಳನೇ ಮಹಡಿಯ ಒಂದು ಕೋಣೆ ಕೊಟ್ಟಿದ್ದರು. ಕಿಟಕಿ ತೆಗೆದರೆ ಬ್ಯಾಂಕಿನ ಗಾಜು, ಆಸ್ಪತ್ರೆಯ ಗಾಜು, ಇನ್ನೊಂದು ಬ್ಯಾಂಕಿನ ಗಾಜು. ಕಂಪನಿಯ ಕಾರು ಶ್ರೀಧರ್ ಸರ್‌ಗೆ, ನನಗೆ ಮಟಾಟು. ಟೌನಿನಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಇಳಿಯುವ ಜಾಗ ಬಂದಾಗ "ನಾಶುಕಾ" ಅಂತ ಕೂಗಬೇಕು, ಇಳಿಯುತ್ತೇನೆ ಎಂದರ್ಥ. ಮೊದಲ ದಿನ ಕೂಗಲು ನಾಚಿಕೆಯಾಗಿ ಎರಡು ಸ್ಟಾಪ್ ಮುಂದೆ ಹೋಗಿ ಕೆಸರಿನಲ್ಲಿ ನಡೆದು ಬಂದೆ. ನಾನು ಕಲಿತ ಮೊದಲ ಸ್ವಾಹಿಲಿ ಮಾತು ಅದೇ.

ಡಿಪೊದ ಅಂಗಳದ ಮೂಲೆಯಲ್ಲಿ ಒಂದು ಗಾಜಿನ ಕೋಣೆ, ಅದರಲ್ಲಿ ಒಂದು ಮೇಜು, ಒಂದು ರೇಡಿಯೊ ಸೆಟ್ಟು, ಒಂದು ಪುಸ್ತಕ, ನಾನು. ಕೆಲಸದವರು ಬೆಳಗ್ಗೆ ಏಳಕ್ಕೆಲ್ಲ ಲಾರಿ ಹತ್ತಿ ಹೋಗಿಬಿಡುತ್ತಿದ್ದರು. ಆಮೇಲೆ ಸಂಜೆಯವರೆಗೆ ನನಗೆ ಮನುಷ್ಯರೆಂದರೆ ರೇಡಿಯೊದೊಳಗಿನ ದನಿ ಮಾತ್ರ. ಮೇಸ್ತ್ರಿ ಮ್ವಾಂಗಿಯದು ಕೆಮ್ಮು ಬೆರೆತ ದಪ್ಪ ದನಿ. ಲೈನ್‌ಮನ್ ಒಟಿಯೆನೊನದು ನಗು ತುಂಬಿದ್ದು, ಕಂಬದ ಮೇಲೆ ಹಾಡುವುದೂ ಕೇಳಿಸುತ್ತಿತ್ತು. ನಾಲ್ಕು ಕಿಲೊಮೀಟರ್ ಆಚೆಯ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ ಮುಂದೆ ಕೂರುವ ಕಿಮಾನಿಯದು ಸಣ್ಣ, ಸಂಕೋಚದ ದನಿ. ಅವನ ಮುಖವನ್ನು ನಾನು ತಿಂಗಳ ಮೇಲಾದರೂ ನೋಡಿಯೇ ಇರಲಿಲ್ಲ. ಕರೆಂಟ್ ತೆಗೆಯಲು ಅವನಿಗೆ ಫೋನ್ ಮಾಡುತ್ತಿದ್ದೆ, ಅವನು ತೆಗೆದು ನಂಬರ್ ಹೇಳುತ್ತಿದ್ದ, ಆ ನಂಬರನ್ನು ರೇಡಿಯೊದಲ್ಲಿ ಮ್ವಾಂಗಿಗೆ ಓದಿ ಹೇಳುತ್ತಿದ್ದೆ, "ಪರ್ಮಿಟ್ ನಂಬರ್ ಇಂತಿಷ್ಟು" ಎಂದು. ಬರೆದುಕೊಟ್ಟ ಪಾಠ ಅದು. ತಪ್ಪದೆ ಒಪ್ಪಿಸುತ್ತಿದ್ದೆ.

ಶನಿವಾರ ಮಧ್ಯಾಹ್ನ ರೇಡಿಯೊ ಆಫ್ ಮಾಡಿದರೆ ಮತ್ತೆ ಸೋಮವಾರವೇ ಮನುಷ್ಯರ ದನಿ. ಒಂದು ಸೋಮವಾರ ಬೆಳಗ್ಗೆ "ಗುಡ್ ಮಾರ್ನಿಂಗ್" ಅನ್ನಲು ಹೋದರೆ ಗಂಟಲು ಕಟ್ಟಿಕೊಂಡು ಬರೀ ಗಾಳಿ ಬಂತು. ನೆಗಡಿಯಾಗಿರಲಿಲ್ಲ. ಎರಡು ದಿನ ಬಾಯಿ ಬಿಟ್ಟೇ ಇರಲಿಲ್ಲ, ಅಷ್ಟೆ. ತುಂಬ ಹೆದರಿಕೆಯಾಯಿತು. ಅವತ್ತಿನಿಂದ ಭಾನುವಾರಗಳಲ್ಲಿ ಅಡುಗೆ ಮಾಡುತ್ತ ಒಬ್ಬಳೇ ಮಾತಾಡುವ ಅಭ್ಯಾಸ ಮಾಡಿಕೊಂಡೆ. ಬೇಳೆಗೆ ಹೇಳುತ್ತಿದ್ದೆ, "ಇನ್ನೂ ಬೇಯ್ಲಿಲ್ವೇನೆ ನೀನು?"

ಯುಗಾದಿಗೆ ಸಿರಿವಂತರ ಬಡಾವಣೆ ಮುಥೈಗಾದ ಒಂದು ಮನೆಗೆ ಊಟಕ್ಕೆ ಕರೆದಿದ್ದರು. ಶ್ರೀಧರ್ ಸರ್‌ಗೆ ಗೊತ್ತಿದ್ದವರು, ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ದೊಡ್ಡ ಕೆಲಸದ ರೇಖಾ ಎನ್ನುವವರ ಮನೆ. ಇಪ್ಪತ್ತು ಜನ ಕನ್ನಡದವರಿದ್ದರು. ಬೇವು ಬೆಲ್ಲ ಆಯಿತು, ಒಬ್ಬಟ್ಟು ಆಯಿತು, ಮಕ್ಕಳ ಸ್ಕೂಲಿನ ಮಾತಾಯಿತು. ನನ್ನ ಹತ್ತಿರ ಮಕ್ಕಳೂ ಇಲ್ಲ, ಸ್ಕೂಲೂ ಇಲ್ಲ, ತಟ್ಟೆ ಹಿಡಿದು ಮಲ್ಲಿಗೆ ಬಳ್ಳಿ ನೋಡುತ್ತ ನಿಂತಿದ್ದೆ. ಆ ಮನೆಯ ಹುಡುಗಿ, ಹತ್ತು ವರ್ಷದವಳಿರಬೇಕು, ಹತ್ತಿರ ಬಂದಳು. ಅವಳಮ್ಮ, "ಆಂಟಿ ಏನ್ ಕೆಲಸ ಮಾಡ್ತಾರೆ ಕೇಳು ಪುಟ್ಟಾ" ಅಂದರು.

"ಕರೆಂಟ್ ತೆಗೀತೀನಿ, ಕರೆಂಟ್ ಹಾಕ್ತೀನಿ" ಅಂದೆ.

ಅವಳಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಯಿತು. ಮನೆಯಲ್ಲಿ ಕರೆಂಟ್ ಹೋಗುವುದೆಲ್ಲ ನನ್ನಿಂದಲೇ ಎನ್ನುವಂತೆ ಸೊಂಟದ ಮೇಲೆ ಕೈಯಿಟ್ಟು, "ಓ! ಸೋ ಇಟ್ಸ್ ಯೂ!" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊರಡುವಾಗ ರೇಖಾ ಆರು ಒಬ್ಬಟ್ಟು ಕಟ್ಟಿಕೊಟ್ಟು, "ಬರ್ತಾ ಇರಿ ಮಂಜುಳಾ" ಅಂದರು. ಒಳ್ಳೆಯವರೇ. ಆದರೆ ಮಟಾಟು ಹಿಡಿದು ಮುಥೈಗಾಕ್ಕೆ ಯಾರು ಹೋಗುತ್ತಾರೆ? ಮತ್ತೆ ಹೋಗಲಿಲ್ಲ.

ನನ್ನನ್ನು ನಿಜವಾಗಿ ಕರೆದವರು ಕಂಬದ ಕೆಲಸದವರು. ಆ ವರ್ಷ ಮಳೆ ಜೋರು. ವಾರದಲ್ಲಿ ಎರಡು ಮೂರು ದಿನ ಕಂಬ ಹತ್ತುವಂತೆಯೇ ಇರುತ್ತಿರಲಿಲ್ಲ. ಹತ್ತಿದವರೂ ಹನಿ ಬಿದ್ದರೆ ಅರ್ಧಕ್ಕೆ ಇಳಿದು ಬರುತ್ತಿದ್ದರು. ಹಾಗೆ ಕೆಲಸ ನಿಂತ ದಿನ ಡಿಪೊದ ಊಟದ ಹಾಲಿನಲ್ಲಿ ಸೇರಿ, ಟ್ರೈನಿಂಗಿಗೆ ಇಟ್ಟಿದ್ದ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಸಿನಿಮಾ ಹಾಕುತ್ತಿದ್ದರು. ಒಂದು ಮಧ್ಯಾಹ್ನ ಮ್ವಾಂಗಿ ನನ್ನ ಗಾಜಿಗೆ ಬೆರಳಿನಿಂದ ತಟ್ಟಿದ. "ಮಡಾಮ್, ಅಲ್ಲಿ ಚಹಾ ಇದೆ, ಜನ ಇದ್ದಾರೆ. ಇಲ್ಲಿ ಏನಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಎದ್ದು ಹೋದೆ.

ಹಾಲಿಗೆ ಕಾಲಿಟ್ಟಾಗ ಒಟಿಯೆನೊ ಅಡುಗೆಯವಳಿಗೆ ಚಹಾ ಆಯಿತಾ ಎಂದು ಕೂಗಿದ. ಅವಳು ಒಳಗಿಂದ "ಬಾಡೊ!" ಅಂದಳು. ಮಂಡ್ಯದವಳ ಕಿವಿಗೆ ಬಾಡು ಅಂತ ಬಿದ್ದರೆ ಕೇಳಬೇಕೇ? ಊರು ಬಿಟ್ಟು, ಮಾಂಸದ ಸಾರು ಕಂಡು ಮೂರು ವಾರ. "ಎಲ್ಲಿ, ಎಲ್ಲಿ?" ಎಂದು ಅಡುಗೆಮನೆಯತ್ತ ಇಣುಕಿದೆ. ಮ್ವಾಂಗಿಗೆ ವಿವರಿಸಿದಾಗ ಅವನು ಕೆಮ್ಮುವವರೆಗೆ ನಕ್ಕ. ಬಾಡೊ ಅಂದರೆ ಇನ್ನೂ ಆಗಿಲ್ಲ ಎಂದಂತೆ. ಆಮೇಲೆ ದಿನಾ ನನ್ನನ್ನು ಕಂಡರೆ ಒಟಿಯೆನೊ, "ಮಡಾಮ್, ಬಾಡೊ?" ಅನ್ನುತ್ತಿದ್ದ. ನಾನು "ಬಾಡೊ, ಬಾಡೊ" ಅನ್ನುತ್ತಿದ್ದೆ. ಮಾಂಸವೂ ಇಲ್ಲ, ಇನ್ನೂ ಆಗಿಯೂ ಇಲ್ಲ, ಎರಡೂ ಸರಿಹೋಗುತ್ತಿತ್ತು.

ಅವರು ಮತ್ತೆ ಮತ್ತೆ ಹಾಕುತ್ತಿದ್ದದ್ದು ಒಂದೇ ಸಿನಿಮಾ. ಮ್ವಾಂಗಿಯ ಪೆನ್‌ಡ್ರೈವಿನಲ್ಲಿತ್ತು, ಹಳೆಯ ಕಪ್ಪು ಬಿಳುಪು ಹಾಲಿವುಡ್ ಚಿತ್ರ. ಮೊದಲ ಕೆಲವು ನಿಮಿಷ ಕತ್ತರಿಸಿಹೋಗಿದ್ದರಿಂದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅವರು "ನಮ್ಮ ಸಿನಿಮಾ" ಅನ್ನುತ್ತಿದ್ದರು. ಅಮೆರಿಕದ ಊರೂರು ಅಲೆದು ಕರೆಂಟಿನ ತಂತಿ ಎಳೆಯುವ ಒಂದು ಗುಂಪಿನ ಕಥೆ. ಹ್ಯಾಟು, ಬಾಯಲ್ಲಿ ಸಿಗರೇಟು, ಸೊಂಟಕ್ಕೆ ಚರ್ಮದ ಬೆಲ್ಟು. ಮ್ವಾಂಗಿ ಸೀಮೆಸುಣ್ಣ ಹಿಡಿದು ಗೋಡೆಯ ಪಕ್ಕ ನಿಲ್ಲುತ್ತಿದ್ದ. ಸಿನಿಮಾದವರು ಒಂದೊಂದು ತಪ್ಪು ಮಾಡಿದಾಗಲೂ ಒಂದು ಗೀಟು. ಕೈಗವಸಿಲ್ಲ, ಗೀಟು. ತಂತಿ ಮುಟ್ಟುವ ಮುಂಚೆ ಅರ್ಥಿಂಗ್ ಹಾಕಲಿಲ್ಲ, ಗೀಟು. "ಈ ಮನುಷ್ಯ ಇಷ್ಟು ಹೊತ್ತಿಗೆ ಮೂರು ಸಲ ಸತ್ತಿರಬೇಕಿತ್ತು, ನೋಡಿ, ಇನ್ನೂ ಪ್ರೀತಿ ಮಾಡುತ್ತಿದ್ದಾನೆ!" ಎಂದು ರೇಗುತ್ತಿದ್ದ. ಅರ್ಥಿಂಗ್ ವಿಷಯದಲ್ಲಿ ಮಾತ್ರ ಮ್ವಾಂಗಿ ತಮಾಷೆ ಮಾಡುತ್ತಿರಲಿಲ್ಲ. ಯಾರು ಏನೇ ಹೇಳಲಿ, ಅವನ ಜನ ಮೇಲೆ ಹತ್ತಿ ಮಾಡುವ ಮೊದಲ ಕೆಲಸ, ಉದ್ದ ಕೋಲಿನಿಂದ ತಂತಿಯನ್ನು ಭೂಮಿಗೆ ಜೋಡಿಸುವುದು. ಕರೆಂಟ್ ಅಕಸ್ಮಾತ್ ಬಂದರೂ ಮನುಷ್ಯನನ್ನು ಬಿಟ್ಟು ಮಣ್ಣಿಗೆ ಹೋಗಲಿ ಎಂದು.

ಸಿನಿಮಾದಲ್ಲಿ ಅವರೆಲ್ಲ ಕಾಯುತ್ತಿದ್ದ ಒಂದು ದೃಶ್ಯವಿತ್ತು. ಬಿರುಗಾಳಿಯಲ್ಲಿ ಹಗಲೂ ರಾತ್ರಿ ದುಡಿದು ತಂತಿ ಜೋಡಿಸಿದ ಮೇಲೆ ಕೆಳಗೆ ನಿಂತ ಮುದುಕ ಮೇಸ್ತ್ರಿ ಬಾಯಿಗೆ ಎರಡೂ ಕೈ ಹಿಡಿದು "ಕ್ಲಿಯರ್!" ಎಂದು ಕೂಗುತ್ತಾನೆ. ಆ ಕ್ಷಣಕ್ಕೆ ಹಾಲಿನಲ್ಲಿದ್ದ ಹದಿನೈದು ಜನವೂ ಅವನ ಜೊತೆ "ಕ್ಲಿಯರ್!" ಎಂದು ಕೂಗಿ ಮೇಜು ಗುದ್ದುತ್ತಿದ್ದರು. ನಾನೂ ಕೂಗಿದೆ. ಅಷ್ಟು ಜನರ ಜೊತೆ ಒಂದೇ ಮಾತನ್ನು ಒಟ್ಟಿಗೆ ಕೂಗಿ ಎಷ್ಟು ಕಾಲವಾಗಿತ್ತು! ಖುಷಿಗೆ ಕಣ್ಣು ಮಂಜಾಯಿತು. ನಾನು ನೋಡುತ್ತಿದ್ದದ್ದು ಅವರ ಮುಖಗಳನ್ನು. ಗೋಡೆಯ ಮೇಲೆ ಆ ಮಾತಿನ ನಂತರ ದೀಪ ಹತ್ತಿತೋ ಆರಿತೋ, ಯಾವ ಸಲವೂ ನೋಡಲೇ ಇಲ್ಲ.

ಇನ್ನೊಂದು ಮಾತು. ಪ್ರತಿ ಸಂಜೆ ಕೆಲಸ ಮುಗಿದ ಮೇಲೆ ಮ್ವಾಂಗಿ ರೇಡಿಯೊದಲ್ಲಿ, "ಲೈನ್ ಕ್ಲಿಯರ್, ಮಡಾಮ್" ಅನ್ನುತ್ತಿದ್ದ. ನಾನು ಅದನ್ನು ನಮ್ಮೂರಿನ ಹಾಗೆ, ಎಲ್‌ಸಿ ವಾಪಸ್ ಎಂದು ಕೇಳಿಸಿಕೊಂಡೆ. ಹೇಗೋ ನನ್ನ ಬಾಯಿಂದ ಬಿದ್ದ ಮಾತನ್ನು ಇವರು ಕಲಿತಿದ್ದಾರೆ ಎಂದುಕೊಂಡೆ. ಮಂಡ್ಯದ ನನ್ನ ಮಾತು ನೈರೋಬಿಯ ಮೇಸ್ತ್ರಿಯ ಬಾಯಲ್ಲಿ! ಆ ಹೆಮ್ಮೆಯಲ್ಲಿ ಎಷ್ಟೋ ಸಂಜೆ ಏಳನೇ ಮಹಡಿಯ ಕೋಣೆ ಅಷ್ಟೇನೂ ಖಾಲಿ ಅನ್ನಿಸಲಿಲ್ಲ.

ಮೇ ಮೊದಲ ವಾರದ ಒಂದು ಮಧ್ಯಾಹ್ನ. ಬೆಳಗಿನಿಂದ ಮಳೆ ಬಿಟ್ಟೂ ಬಿಟ್ಟೂ ಬರುತ್ತಿತ್ತು. ಮೊಬೈಲ್ ನೆಟ್‌ವರ್ಕ್ ಸತ್ತುಹೋಗಿ ಕಿಮಾನಿಯ ಫೋನ್ ಸಿಗಲಿಲ್ಲ. ಎರಡು ಗಂಟೆಗೆ ಮಳೆ ನಿಂತಿತು. ಮ್ವಾಂಗಿ ರೇಡಿಯೊದಲ್ಲಿ, ಒಂದು ಕಂಬದ ಕೆಲಸವಾದರೂ ಮುಗಿಸುತ್ತೇವೆ, ಕರೆಂಟ್ ತೆಗೆಸಿ ಅಂದ. ಫೋನ್ ಇಲ್ಲದ್ದರಿಂದ ನಾನು ರೇಡಿಯೊದಲ್ಲೇ ಕಿಮಾನಿಯನ್ನು ಕರೆದೆ. ಮೂವರೂ ಒಂದೇ ಚಾನೆಲ್ಲಿನಲ್ಲಿದ್ದೆವು, ಒಬ್ಬರು ಆಡಿದ್ದು ಮೂವರಿಗೂ ಕೇಳಿಸುತ್ತಿತ್ತು. ಕಿಮಾನಿ ಕರೆಂಟ್ ತೆಗೆದು ತಿಳಿಸಿದ. ಅವನ ನಂಬರ್ ಗರಗರ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಕೇಳಬೇಕಿತ್ತು. ಕೇಳಲಿಲ್ಲ. ಅಷ್ಟರಲ್ಲಿ ನನ್ನ ಗಾಜಿನ ಮೇಲೆ ಮತ್ತೆ ಹನಿ ಬೀಳತೊಡಗಿತು. ಬೇಗ ಹತ್ತಿ ಬೇಗ ಇಳಿಯಲಿ ಎಂಬ ಆತುರದಲ್ಲಿ, ಬರೆದುಕೊಟ್ಟ ಪಾಠ ಬಿಟ್ಟು, ಇಪ್ಪತ್ತು ವರ್ಷದ ನಾಲಿಗೆ ತನ್ನ ಮಾತನ್ನೇ ಆಡಿತು. "ಮ್ವಾಂಗಿ, ಲೈನ್ ಕ್ಲಿಯರ್. ಲೈನ್ ಕ್ಲಿಯರ್."

ಮ್ವಾಂಗಿಗೆ ಅದು ಕೇಳಿಸಿರಲಿಲ್ಲ. ಕಿಮಾನಿ ಕರೆಂಟ್ ತೆಗೆದೆ ಎಂದದ್ದನ್ನು ಕೇಳಿ ಒಟಿಯೆನೊನನ್ನು ಅರ್ಥಿಂಗ್ ಕೋಲಿನೊಂದಿಗೆ ಆಗಲೇ ಹತ್ತಿಸಿದ್ದ, ಕೆಳಗೆ ನಿಂತು ಅವನಿಗೆ ಏನೋ ಕೂಗಿ ಹೇಳುತ್ತಿದ್ದ. ನನ್ನ ಮಾತನ್ನು ಕೇಳಿದವನು ಕಿಮಾನಿ. ಅವರ ಕೆಲಸದಲ್ಲಿ ಆ ಮಾತಿಗೆ ಒಂದೇ ಅರ್ಥ. ತಂತಿಯ ಮೇಲೆ ಯಾರೂ ಇಲ್ಲ, ಎಲ್ಲರೂ ಇಳಿದಿದ್ದಾರೆ, ಕರೆಂಟ್ ಕೊಡಬಹುದು. ಹನಿ ಅವನ ಕಿಟಕಿಗೂ ಬೀಳುತ್ತಿತ್ತು. ಮಳೆಗೆ ಮ್ವಾಂಗಿ ಕೆಲಸ ಕೈಬಿಟ್ಟ, ಅದನ್ನೇ ನಾನು ತಿಳಿಸುತ್ತಿದ್ದೇನೆ ಎಂದುಕೊಂಡ. ಸ್ವಿಚ್ ಹಾಕಿದ.

ರೇಡಿಯೊದಲ್ಲಿ ಒಂದು ಸಿಡಿತ, ಆಮೇಲೆ ಮ್ವಾಂಗಿಯ ದನಿ. ಏನು ಹೇಳುತ್ತಿದ್ದಾನೆ ಎಂದು ಗೊತ್ತಾಗಲಿಲ್ಲ, ಅವನು ತನ್ನ ತಾಯ್ನುಡಿಯಲ್ಲಿ ಕೂಗುತ್ತಿದ್ದ.

ಒಟಿಯೆನೊ ಸಾಯಲಿಲ್ಲ. ಅರ್ಥಿಂಗಿನ ಕೊಕ್ಕೆ ಒಂದು ತಂತಿಗೆ ಆಗಷ್ಟೇ ಬಿದ್ದಿತ್ತು, ಕರೆಂಟು ಭೂಮಿಗಿಳಿದು ಸ್ಟೇಷನ್ನಿನಲ್ಲಿ ತಾನಾಗಿ ಕಡಿದುಹೋಯಿತು. ಆದರೆ ಹೊಡೆದ ಕಿಡಿಗೆ ಅವನ ಬಲಗೈಯೂ ಮುಖದ ಒಂದು ಪಕ್ಕವೂ ಸುಟ್ಟವು. ಬೆಲ್ಟಿನಲ್ಲಿ ನೇತಾಡುತ್ತಿದ್ದವನನ್ನು ಇಳಿಸಿ, ಜಾಮ್ ದಾಟಿಸಿ ಅಪ್ಪರ್ ಹಿಲ್‌ನ ಆಸ್ಪತ್ರೆಗೆ ತಂದರು. ಬೆರಳುಗಳು ಮತ್ತೆ ಪೂರ್ತಿ ಮಡಚುವುದಿಲ್ಲ, ಕಂಬ ಹತ್ತುವ ಕೆಲಸ ಮುಗಿಯಿತು ಎಂದು ಎರಡನೇ ದಿನವೇ ಡಾಕ್ಟರು ಹೇಳಿದರು. ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಗಾಜಿನ ಆಸ್ಪತ್ರೆ ಅದೇ.

ನನಗೆ ತಪ್ಪು ಎಲ್ಲಿ ಆಯಿತೆಂದು ಮೊದಲ ದಿನ ತಿಳಿದಿರಲಿಲ್ಲ. ಕಿಮಾನಿಗೆ ಹುಚ್ಚೇ, ಎಲ್‌ಸಿ ಕೊಟ್ಟ ಮೇಲೆ ಸ್ವಿಚ್ ಹಾಕಿದ ಎಂದು ಬೈದುಕೊಂಡೆ. ಮಾರನೆಯ ದಿನ ಕೆಲಸ ನಿಂತಿತ್ತು, ಊಟದ ಹಾಲು ಖಾಲಿ. ಪ್ರೊಜೆಕ್ಟರಿನಲ್ಲಿ ಪೆನ್‌ಡ್ರೈವ್ ಹಾಗೇ ಇತ್ತು. ಯಾಕೆ ಹಾಕಿದೆನೋ, ಜನರ ದನಿ ಬೇಕಾಗಿತ್ತೇನೋ. ಮುದುಕ ಮೇಸ್ತ್ರಿ ಬಾಯಿಗೆ ಕೈ ಹಿಡಿದ. "ಕ್ಲಿಯರ್!" ಅಂದ. ಈ ಸಲ ಕೂಗುವವರು ಯಾರೂ ಇರಲಿಲ್ಲ, ಹಾಗಾಗಿ ಗೋಡೆಯನ್ನೇ ನೋಡಿದೆ. ಕಂಬಗಳೆಲ್ಲ ಖಾಲಿ. ಕೋಣೆಯೊಂದರಲ್ಲಿ ಒಬ್ಬ ದೊಡ್ಡ ಹಿಡಿಕೆಯನ್ನು ಎಳೆದ. ಊರಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಜನ ಬೀದಿಗೆ ಬಂದು ಕುಣಿದರು, ಕೆಲಸದವರು ಲಾರಿ ಹತ್ತಿ ಮುಂದಿನ ಊರಿಗೆ ಹೊರಟರು, ಅವರಿಗೆ ಯಾರೂ ಕೈ ಬೀಸಲಿಲ್ಲ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪ್ರತಿ ಸಂಜೆ ಮ್ವಾಂಗಿ ಹೇಳುತ್ತಿದ್ದದ್ದು ನನ್ನ ಮಾತಲ್ಲ. ಅದು ಮೊದಲಿನಿಂದಲೂ ಅವರದೇ ಮಾತು, ನನ್ನದಕ್ಕೆ ನೇರ ತಿರುಗುಮುರುಗು. ಹತ್ತು ಎನ್ನುವುದಕ್ಕೆ ನಾನು ಆಡುವ ಮಾತನ್ನು ಅವರು ಇಳಿದಾಯಿತು ಎನ್ನುವುದಕ್ಕೆ ಆಡುತ್ತಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಅಮ್ಮ ಹೇಳುತ್ತಿದ್ದಳು. ಇಲ್ಲಿ ಒಡೆದದ್ದು ಒಟಿಯೆನೊನ ಕೈ.

ನಾಲ್ಕನೇ ದಿನ ವಿಚಾರಣೆ ಎಂದಾಯಿತು. ಹಿಂದಿನ ಸಂಜೆ ಶ್ರೀಧರ್ ಸರ್ ನನ್ನ ಗಾಜಿನ ಕೋಣೆಗೆ ಬಂದು ಕೂತರು. ಎಲ್ಲ ಹೇಳಿದೆ.

"ಅಲ್ರೀ, ನೀವ್ ಹೇಳಿದ್ದು ಸರಿಯಾಗೇ ಇದೆಯಲ್ಲ" ಅಂದರು. "ನಮ್ ಕಡೆ ಹಂಗೇ ಹೇಳೋದು. ಅವ್ನು ನಂಬರ್ ಕೇಳ್ದೆ ಯಾಕೆ ಹಾಕ್ದ? ಅದು ಅವನ ತಪ್ಪು. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ."

"ನಾನೂ ನಂಬರ್ ಹೇಳ್ಲಿಲ್ಲ ಸರ್."

"ರೇಡಿಯೊ ರೆಕಾರ್ಡ್ ಆಗಲ್ಲ. ಮ್ವಾಂಗಿಗೂ ಕೇಳ್ಸಿಲ್ವಂತೆ. ಪುಸ್ತಕದಲ್ಲಿ ನೀವು ಎಲ್‌ಸಿ ಇಶ್ಯೂಡ್ ಅಂತ ಬರ್ದಿದೀರಿ, ಸಾಕು. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಮೇಲೆ ಬಿದ್ದು ಏನೂ ಹೇಳೋಕೆ ಹೋಗ್ಬೇಡಿ."

"ಕಿಮಾನಿ ಕೆಲಸ ಹೋಗುತ್ತೆ ಸರ್."

"ನಿಮ್ದು ಹೋದ್ರೆ?" ಅಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಎದ್ದು ಹೋಗುವಾಗ, "ನಂಗೂ ಮೇಲಿನೋರಿಗೆ ಉತ್ತರ ಕೊಡ್ಬೇಕಲ್ಲ ಮಂಜುಳಾ ಅವ್ರೇ" ಎಂದೂ ಸೇರಿಸಿದರು.

ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದನ್ನು ನೈರೋಬಿ ನನಗೆ ಚೆನ್ನಾಗಿಯೇ ಕಲಿಸಿತ್ತು. ಅದೇ ಸಂಜೆ ಆಸ್ಪತ್ರೆಗೆ ಹೋದೆ. ಒಟಿಯೆನೊನ ತಲೆಯ ಸುತ್ತ ಬಿಳಿ ಬಟ್ಟೆ, ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಮಂಚದ ಪಕ್ಕ ನಿಂತು ಇಂಗ್ಲಿಷಿನಲ್ಲಿ ಹೇಳಿದೆ. ನಾನು ಆಡಿದ ಮಾತಿನಿಂದ ಹೀಗಾಯಿತು, ಆ ಮಾತಿಗೆ ನಿಮ್ಮಲ್ಲಿ ಬೇರೆ ಅರ್ಥವೆಂದು ನನಗೆ ಗೊತ್ತಿರಲಿಲ್ಲ, ನಾಳೆ ಎಲ್ಲರ ಮುಂದೆ ಹೇಳುತ್ತೇನೆ. ಅವನ ಕಣ್ಣು ಮೇಲ್ಛಾವಣಿಯ ಮೇಲಿತ್ತು. "ಸವಾ" ಅಂದ. ಮುಖ ಗೋಡೆಯ ಕಡೆ ತಿರುಗಿಸಿದ.

ಸವಾ ಅಂದರೆ ಸರಿ. ಚಹಾ ಬೇಕಾ ಎಂದರೂ ಸವಾ, ಚಿಲ್ಲರೆ ಇಲ್ಲ ಎಂದರೂ ಸವಾ. ಕ್ಷಮಿಸಿದ್ದೇನೆ ಎಂಬ ಸವಾವೋ, ಇನ್ನು ಹೊರಡು ಎಂಬ ಸವಾವೋ, ಕೇಳುವ ಧೈರ್ಯವಾಗಲಿಲ್ಲ.

ವಿಚಾರಣೆ ಅದೇ ಊಟದ ಹಾಲಿನಲ್ಲಿ. ಕೆಲಸ ಕೊಟ್ಟವರ ಕಡೆಯ ಮೂವರು ಅಧಿಕಾರಿಗಳು, ಶ್ರೀಧರ್ ಸರ್, ಮ್ವಾಂಗಿ, ನಾನು. ಕಿಮಾನಿಯನ್ನು ಅವತ್ತು ಮೊದಲ ಬಾರಿ ನೋಡಿದೆ. ದನಿಗೆ ತಕ್ಕಂತೆ ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ಮಂಡಿಯ ಮೇಲೆ ಎರಡೂ ಕೈ. "ಮಡಾಮ್ ಲೈನ್ ಕ್ಲಿಯರ್ ಅಂದರು, ಅದಕ್ಕೇ ಹಾಕಿದೆ" ಎಂದಷ್ಟೇ ಹೇಳಿದ. ಅಧಿಕಾರಿಯೊಬ್ಬರು ನನ್ನತ್ತ ತಿರುಗಿ, ಹಾಗೆ ಹೇಳಿದಿರಾ, ಪುಸ್ತಕದಲ್ಲಿ ಬೇರೆ ಬರೆದಿದೆಯಲ್ಲ ಎಂದು ಕೇಳಿದರು. ಶ್ರೀಧರ್ ಸರ್ ಮೇಜಿನ ಮೇಲಿನ ಪೆನ್ನನ್ನು ನೋಡುತ್ತಿದ್ದರು.

"ಒಂದು ಸಿನಿಮಾ ತೋರಿಸಬೇಕು" ಅಂದೆ.

ಹುಚ್ಚು ಹಿಡಿಯಿತೆಂದು ಎಲ್ಲರೂ ತಿಳಿದಿರಬೇಕು. ಮ್ವಾಂಗಿ ಎದ್ದು ಪ್ರೊಜೆಕ್ಟರ್ ಹಾಕಿದ, ಎಲ್ಲಿಗೆ ಓಡಿಸಬೇಕೆಂದು ನಾನು ಹೇಳಬೇಕಾಗಲಿಲ್ಲ. ಮುದುಕ ಮೇಸ್ತ್ರಿ ಕೂಗಿದ, ಹಿಡಿಕೆ ಎಳೆದರು, ದೀಪ ಹತ್ತಿದವು. ನಿಲ್ಲಿಸಿ ಎಂದು ಹೇಳಿ ನಾನು ಎದ್ದು ನಿಂತೆ. ಈ ಮಾತಿಗೆ ನಿಮ್ಮೆಲ್ಲರ ಅರ್ಥ ಗೋಡೆಯ ಮೇಲಿದೆ. ಅದೇ ಮಾತಿಗೆ ನಮ್ಮೂರಿನಲ್ಲಿ ಅರ್ಥ, ಈಗ ಹತ್ತಿ ಎಂದು. ನಾನು ಆಡಿದ್ದು ನಮ್ಮೂರಿನ ಮಾತು, ಕಿಮಾನಿ ಕೇಳಿಸಿಕೊಂಡದ್ದು ನಿಮ್ಮೂರಿನ ಮಾತು. ಪರ್ಮಿಟ್ ನಂಬರನ್ನು ನಾನು ಹೇಳಲಿಲ್ಲ, ಹೇಳಿದ್ದರೆ ಅವನಿಗೆ ತಿಳಿಯುತ್ತಿತ್ತು. ಈ ಸಿನಿಮಾವನ್ನು ನಾನು ಇದೇ ಹಾಲಿನಲ್ಲಿ ಐದು ಸಲ ನೋಡಿದ್ದೇನೆ, ಐದು ಸಲವೂ ಈ ಮಾತನ್ನು ಕೂಗಿದ್ದೇನೆ. ಇಷ್ಟು ಹೇಳುವಷ್ಟರಲ್ಲಿ ದನಿ ನಿಂತುಹೋಯಿತು, ಆ ಸೋಮವಾರದ ಹಾಗೆ.

ಕಿಮಾನಿಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ನನ್ನನ್ನು ವಾರದೊಳಗೆ ಊರಿಗೆ ಕಳಿಸಿದರು, ಬೆಂಗಳೂರಿನಲ್ಲಿ ರಾಜೀನಾಮೆ ಬರೆಸಿಕೊಂಡರು. ವಿಮಾನ ನಿಲ್ದಾಣಕ್ಕೆ ಹೊರಟ ಬೆಳಗ್ಗೆ ಡಿಪೊ ದಾಟಿಯೇ ಹೋಗಬೇಕಿತ್ತು. ಕೆಲಸದವರು ಲಾರಿ ಹತ್ತುತ್ತಿದ್ದರು. ನಾನು ಕೈ ಬೀಸಲಿಲ್ಲ, ಅವರು ನೋಡಲಿಲ್ಲ.

ಇಷ್ಟೆಲ್ಲ ನೆನೆಯುತ್ತ ಗೇಟಿನಲ್ಲಿ ನಿಂತವಳನ್ನು ಕಾವಲಿನವನು, ಯಾರು ಬೇಕು ಎಂದು ಕೇಳಿದ. ಮ್ವಾಂಗಿ ಅಂದೆ. ಮ್ವಾಂಗಿ ರಿಟೈರ್ ಆಗಿ ಊರಿಗೆ ಹೋದ, ಆಫೀಸಿನಲ್ಲಿ ಕೇಳಿ ಎಂದು ಗಾಜಿನ ಕೋಣೆಯತ್ತ ಕೈ ತೋರಿಸಿದ. ಕಂಬಗಳ ರಾಶಿ ಬಳಸಿ ನಡೆದೆ. ಕೋಣೆಯ ಹೊರಗೋಡೆಗೆ ಹೊಸ ಬೋರ್ಡು. ಕ್ಲಿಯರ್ ಎಂಬ ಪದ ಬರೆದು ಅದರ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡ ಗೀಟು ಎಳೆದಿದ್ದರು. ಕೆಳಗೆ ಸ್ವಾಹಿಲಿಯಲ್ಲಿ ಎರಡೇ ಪದ. ವಾತು ವಮೆಶುಕಾ. ಜನ ಇಳಿದಿದ್ದಾರೆ. ಇಳಿಯುವುದಕ್ಕೆ ನಾನು ಮಟಾಟುವಿನಲ್ಲಿ ಕೂಗಲು ನಾಚಿದ ಅದೇ ಮಾತು.

ಬಾಗಿಲು ತೆರೆದಿತ್ತು. ನನ್ನ ಕುರ್ಚಿಯಲ್ಲಿ ಒಟಿಯೆನೊ ಕೂತಿದ್ದ. ಬಲಗೈಯ ಬೆರಳುಗಳು ಅರ್ಧ ಮಡಚಿಕೊಂಡೇ ಇದ್ದವು, ಎಡಗೈಯಲ್ಲಿ ರೇಡಿಯೊ ಹಿಡಿದಿದ್ದ. ಕೆನ್ನೆಯ ಮೇಲೆ ನುಣುಪಾದ ಹೊಳೆಯುವ ಚರ್ಮ. ಹಾಡುತ್ತಿರಲಿಲ್ಲ. "ವಾತು ವಮೆಶುಕಾ?" ಎಂದು ಕೇಳಿದ. ಒಳಗಿನಿಂದ ಗರಗರ ದನಿ, "ಬಾಡೊ." ಇನ್ನೂ ಇಲ್ಲ. ಅವನು ರೇಡಿಯೊ ಕೆಳಗಿಟ್ಟು ಕಾಯುತ್ತ ಕೂತ. ಆ ಮೇಜಿನ ಮುಂದೆ ಒಬ್ಬನೇ ಕಾಯುವ ಆ ಭಂಗಿ ನನಗೆ ಎಷ್ಟು ಪರಿಚಯದ್ದು! ಹಾಡುವವನನ್ನು ಕಂಬದಿಂದ ಇಳಿಸಿ ಈ ಗಾಜಿನೊಳಗೆ ಕೂರಿಸಿದವಳು ನಾನು.

ಆಗ ತಲೆ ಎತ್ತಿ ನೋಡಿದ. ಗುರುತು ಸಿಕ್ಕಿತು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಮಡಾಮ್" ಅಂದ. "ಉಮೆಶುಕಾ?"

ಇಳಿದಿರಾ ಎಂದು. ಮಟಾಟುವಿನಿಂದ ಬಂದವರನ್ನೂ ಹೀಗೇ ಕೇಳುತ್ತಾರೆ, ಬಂದಿಳಿದಿರಾ ಎಂದು. ಹೌದು ಎನ್ನಲು ಬಾಯಿ ತೆರೆದವಳು ನಿಂತೆ. ಈ ಸಲ ಅರ್ಥವನ್ನು ನಾನೇ ಹಚ್ಚಿಕೊಳ್ಳಬಾರದು ಅನ್ನಿಸಿತು.

"ಎಲ್ಲಿಂದ?" ಎಂದು ಕೇಳಿದೆ.

ಒಟಿಯೆನೊ ಸುಟ್ಟ ಆ ಬಲಗೈಯನ್ನು ನಿಧಾನವಾಗಿ ಎತ್ತಿ, ಕಿಟಕಿಯ ಆಚೆ, ಕಂಬದ ತುದಿಯನ್ನು ತೋರಿಸಿದ.

"ಬಾಡೊ" ಅಂದೆ. ಇನ್ನೂ ಇಲ್ಲ, ಮೂರು ವರ್ಷದಿಂದ ನಾನೂ ಆ ಕಂಬದ ಮೇಲೇ ಇದ್ದೆ.

ಅವನು ತಲೆಯಾಡಿಸಿದ. ಇನ್ನೊಂದು ಕುರ್ಚಿಯನ್ನು ಕಾಲಿನಿಂದ ನನ್ನತ್ತ ತಳ್ಳಿ, "ಸವಾ" ಅಂದ. "ಕಾಯೋಣ."